ಉಪ್ಪಿನ ಲಾರಿಗೆ ಸಿಹಿನೀರು

ಸಾಣಿಕಟ್ಟೆಯ ಉಪ್ಪು ಹೊತ್ತು ಇಪ್ಪತ್ತೆಂಟು ವರ್ಷ
ದೇವಿಮನೆ ಘಟ್ಟ ಹತ್ತಿದ ಲಾರಿ ಇದು.
ಹೊರಗೆ ಉಪ್ಪು ತಿಂದದ್ದು ಕಾಣುತ್ತದೆ,
ಬಾಗಿಲ ಕೆಳಗೆ ಕೈಯಿಟ್ಟರೆ ತಗಡು ಹಪ್ಪಳ.
ಒಳಗಿನದು ಕಾಣುವುದಿಲ್ಲ.

ಒಳಗಿನದು ತೋರಿಸಿದವನು ಕುಮಟೆಯ ಗೌಸಣ್ಣ.
ಅವನ ಅಜ್ಜ ಮನೆಮನೆಯ ತಪ್ಪಲೆಗೆ ಕಲಾಯಿ ಹಾಕುತ್ತಿದ್ದ;
ಸ್ಟೀಲು ಬಂತು, ಮೊಮ್ಮಗ ರೇಡಿಯೇಟರಿಗೆ ಬಂದ.
ಅದೇ ನವಸಾಗರದ ಘಾಟು, ಅದೇ ತವರ,
ಬೆಂಕಿ ಮಾತ್ರ ಗ್ಯಾಸಿನದು.

ಮೇಲಿನ ಟ್ಯಾಂಕು ಬಿಚ್ಚಿ ಬಿಸಿಲಿಗೆ ಹಿಡಿದ.
"ಎಣಿಸು" ಅಂದ.
ನೂರ ಚಿಲ್ಲರೆ ಕೊಳವೆಗಳಲ್ಲಿ ಬೆಳಕು ದಾಟಿದ್ದು
ನಲವತ್ತೊಂದರಲ್ಲಿ.
ಉಳಿದವು ಬಿಳಿ ಹಿಟ್ಟು ಕಟ್ಟಿ ಕಣ್ಣು ಮುಚ್ಚಿದ್ದವು.
"ಯಾವ ನೀರು ಹಾಕ್ತೆ?"
ಮನೆ ಬಾವಿದು, ಅಂದೆ.
"ಅಳಿವೆ ಬಾಯಲ್ಲಿ ಬಾವಿ. ನೀನು ಕುಡೀತ್ಯಾ ಅದನ್ನ?"
ಇಲ್ಲ. ನಾವು ಕುಡಿಯುವುದು ನಳದ್ದು.
ಗೌಸಣ್ಣ ಏನೂ ಹೇಳಲಿಲ್ಲ,
ಮೂಗಿನಲ್ಲಿ ಉಸಿರು ಬಿಟ್ಟ, ಅಷ್ಟೆ.

ನಾಲ್ಕು ದಿನ ಲಾರಿ ಬಾಯ್ತೆರೆದು ನಿಂತಿತು.
ಮೂರು ಸಾಲಿನ ಕೋರು ಹೋಗಿ ನಾಲ್ಕು ಸಾಲಿನದು ಬಂತು,
ತಾಮ್ರದ್ದು, ಹುಬ್ಬಳ್ಳಿ ಬಸ್ಸಿನ ನೆತ್ತಿಯ ಮೇಲೆ, ಗೋಣಿ ಹೊದ್ದು.
ವಾಟರ್ ಪಂಪಿನ ಹೊಟ್ಟೆಯಡಿ ಒಂದು ತೂತು.
ಅದು ಸೋರಲಿಕ್ಕೇ ಇಟ್ಟದ್ದಂತೆ,
ಸೀಲು ಸತ್ತರೆ ಅಳಲಿಕ್ಕೆ ಜಾಗ ಬೇಕಲ್ಲ.
ನಾನು ಅದಕ್ಕೆ ಎಂ-ಸೀಲ್ ಮೆತ್ತಿದ್ದೆ. ಎರಡು ಸಲ.
ಫ್ಯಾನಿನ ಸುತ್ತಲ ತಗಡಿನ ಬಳೆ
ಎಂದೋ ಕಿತ್ತು ಕೋಳಿಗೂಡಿಗೆ ಮಾಡಾಗಿತ್ತು;
ಕೋಳಿಗಳ ಬೈಗುಳ ಕೇಳಿಕೊಂಡು ವಾಪಸು ತಂದೆ.
ಹೋಸು ಹೊಸದು. ಬೆಲ್ಟು ಹೊಸದು,
ಹೆಬ್ಬೆರಳು ಒತ್ತಿದರೆ ಅರ್ಧ ಇಂಚು ತಗ್ಗಬೇಕು, ಹೆಚ್ಚಲ್ಲ.
ಹಸಿರು ಕೂಲೆಂಟಿನ ಡಬ್ಬಿಯ ಬೆಲೆ ಕೇಳಿ
ತಿರುಗಿಸಿ ತಿರುಗಿಸಿ ನೋಡಿದೆ,
ಒಳಗೆ ಬೇರೆ ಏನಾದರೂ ಇದೆಯೋ ಎಂದು.

ಕೊನೆಗೆ ಅಂಗೈಯಲ್ಲೊಂದು ಹಿತ್ತಾಳೆಯ ಮೊಗ್ಗು ಇಟ್ಟ.
ಥರ್ಮೋಸ್ಟಾಟು.
ಅಪ್ಪನೇ ಕಿತ್ತು ಎಸೆದದ್ದು ಅದನ್ನು:
ನೀರಿಗೆಂಥ ಬಾಗಿಲು, ಹರಿಯಲಿ.
ಗೌಸಣ್ಣ ಚಾ ಪಾತ್ರೆಯಲ್ಲಿ ನೀರಿಟ್ಟು
ದಾರ ಕಟ್ಟಿ ಇಳಿಬಿಟ್ಟ.
ಎಷ್ಟೋ ಹೊತ್ತು ಏನೂ ಇಲ್ಲ.
ಬೀಡಿ ಹಚ್ಚಿದ. ಅರ್ಧ ಸೇದಿದ.
ಗುಳ್ಳೆ ಏಳುವುದಕ್ಕೆ ಸ್ವಲ್ಪ ಮೊದಲು, ಸದ್ದಿಲ್ಲದೆ,
ಅದು ಬಾಯಿ ಬಿಟ್ಟಿತು.
"ಬರೀ ತಂಪಾದ್ರೆ ಸಾಲದು ಮಾರಾಯಾ.
ತಣ್ಣಗಿನ ಇಂಜಿನ್ನು ಡೀಸೆಲ್ ತಿಂತದೆ, ಹೊಗೆ ಕಾರ್ತದೆ.
ಕಾಯಬೇಕು. ಕಾದಮೇಲೆ ಬಾಗಿಲು."

ಅಪ್ಪ ಯಾವುದಕ್ಕೂ ಕಾದವನಲ್ಲ.

ಶುಕ್ರವಾರ ಒಂಬತ್ತು ಟನ್ನು ಉಪ್ಪು.
ಕತಗಾಲ ದಾಟಿತು, ಮೂರನೇ ಗೇರು, ಎರಡನೇ ಗೇರು,
ಎಡಕ್ಕೆ ಝರಿ ಬೀಳುವ ಆ ತಿರುವು.
ಇಲ್ಲೇ ಅಪ್ಪ ಗೋಣಿಪಟ್ಟೆ ಹಿಡಿದು ಮುಚ್ಚಳ ತಿರುಗಿಸಿದ್ದು,
ಆವಿ ತಣಿಯುವ ಮೊದಲೇ;
ಎಡತೋಳಿನಲ್ಲಿ ಅಂಗೈಯಗಲ ಚರ್ಮ
ಸಾಯುವ ತನಕ ನುಣ್ಣಗೆ ಹೊಳೆಯುತ್ತಿತ್ತು.
ಮರುದಿನವೇ ಮತ್ತೆ ಲೋಡು.

ಮುಳ್ಳು ನಡುಮಧ್ಯದಲ್ಲಿ ನಿಂತಿದೆ, ಅಲುಗದೆ.
ಕಾಲು ಮಾತ್ರ ತಾನಾಗಿ ಬ್ರೇಕಿಗೆ ಹೋಯಿತು.
ಕ್ಲೀನರ್ ಹುಡುಗ ಹಮ್ಮು ಆಗಲೇ
ಒಂದು ಕೈಲಿ ಕ್ಯಾನು, ಒಂದು ಕೈಲಿ ಚಕ್ರದ ಕಲ್ಲು.
ನೀರು ಬೇಡ, ಅಂದೆ.
"ಮತ್ತೆ ಎಂತಕ್ಕೆ ನಿಲ್ಲಿಸ್ದೆ?"

ಅದಕ್ಕೆ ಉತ್ತರ ನನ್ನಲ್ಲಿರಲಿಲ್ಲ.
ಇಳಿದು ಬಂಡೆಗೆ ಬಗ್ಗಿ ಬೊಗಸೆಯೊಡ್ಡಿದೆ.
ಇಷ್ಟು ವರ್ಷ ಲಾರಿಗೆ ಕುಡಿಸಿದ ನೀರು,
ನಾನು ಬಾಯಿಗೆ ಹಾಕಿದ್ದು ಇದೇ ಮೊದಲು.
ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ, ಸಿಹಿ.
ಹಮ್ಮುವೂ ಕುಡಿದ, ಅಂಗಿಯಲ್ಲಿ ಬಾಯಿ ಒರೆಸಿದ.
ಹಿಂದೆ ಶಿರಸಿ ಬಸ್ಸು ಹಾರ್ನು ಹೊಡೆಯುತ್ತಲೇ ಇತ್ತು,
ನಮ್ಮದು ಬಂದಾಗದೆ, ಕುದಿಯದೆ,
ಒಂದೇ ಶ್ರುತಿಯಲ್ಲಿ ಗುಡುಗುಡು.